ಚರ್ಚ್ ಹಾಲ್‌ನ ಬೀಗ ತೆಗೆದು ಊರಿಗೆ ಕೊಡುವುದು ಹೇಗೆ? ಮಲೆನಾಡಿನ ಚರ್ಚುಗಳಿಗೊಂದು ಮಾರ್ಗದರ್ಶಿ

ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಎನ್.ಆರ್. ಪುರ. ಈ ಕಡೆಯ ಹೆಚ್ಚಿನ ಚರ್ಚುಗಳ ಪಕ್ಕದಲ್ಲೊಂದು ಹಾಲ್ ಇರುತ್ತದೆ. ಮದುವೆ ದಿನ ತುಂಬಿರುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಒಂದು ತಾಸು ಧರ್ಮೋಪದೇಶ ನಡೆಯುತ್ತದೆ. ಉಳಿದ ದಿನ ಬೀಗ. ಒಳಗೆ ಪ್ಲಾಸ್ಟಿಕ್ ಕುರ್ಚಿ, ಅನ್ನದ ಹಂಡೆ, ಗ್ಯಾಸ್ ಒಲೆ, ಮೈಕ್ ಸೆಟ್, ಇನ್ವರ್ಟರ್ ಎಲ್ಲ ಸುಮ್ನೆ ಕೂತಿರುತ್ತವೆ.

ಅದೇ ಊರಲ್ಲಿ ಆಶಾ ಕಾರ್ಯಕರ್ತೆಗೆ ಹತ್ತು ಬಸುರಿ ಹೆಂಗಸರನ್ನು ಕೂರಿಸಿ ಮಾತಾಡಲು ಜಾಗ ಇಲ್ಲ. ಎಸ್ಸೆಸ್ಸೆಲ್ಸಿ ಹುಡುಗಿಗೆ ಸಂಜೆ ಕರೆಂಟ್ ಇರುವ ಒಂದು ಮೂಲೆ ಸಿಗೋದಿಲ್ಲ. ಮಹಿಳಾ ಸಂಘದವರು ಹಪ್ಪಳ ಮಾಡಿ ಮಳೆಗಾಲದಲ್ಲಿ ಒಣಗಿಸೋದೆಲ್ಲಿ ಅಂತ ತಲೆ ಕೆರೆದುಕೊಳ್ಳುತ್ತಿರುತ್ತಾರೆ.

ಸಮಾಜ ಸೇವೆಯ ಮಾತು ಬಂದಾಗ ನಮ್ಮ ಚರ್ಚುಗಳ ಪಾಲನಾ ಸಮಿತಿಗಳಲ್ಲಿ ಮೊದಲು ಕೇಳಿಬರೋದು ‘ನಾವೇ ಏನಾದ್ರೂ ಹೊಸದು ಶುರು ಮಾಡೋಣ’ ಅನ್ನೋ ಮಾತು. ಹೊಲಿಗೆ ಕ್ಲಾಸ್, ಟ್ಯೂಷನ್, ಒಂದು ಮೆಡಿಕಲ್ ಕ್ಯಾಂಪ್. ಉದ್ಘಾಟನೆ ಜೋರಾಗಿ ಆಗುತ್ತದೆ. ಫಾದರ್ ವರ್ಗ ಆದ ಮೇಲೆ ಹೊಲಿಗೆ ಮೆಷಿನ್ ಸ್ಟೋರ್ ರೂಮ್ ಸೇರುತ್ತದೆ. ನನ್ನ ಪ್ರಕಾರ ಚರ್ಚು ಹೊಸದೇನೂ ಶುರು ಮಾಡಬೇಕಾಗಿಲ್ಲ. ಊರಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರ ಜೊತೆ ಸೇರಬೇಕು, ಮುಂದಾಳತ್ವ ಅವರಿಗೇ ಬಿಡಬೇಕು. ಅದನ್ನು ಹೇಗೆ ಮಾಡೋದು ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕ್ಯಾಥೋಲಿಕ್, ಸಿ.ಎಸ್.ಐ. (ಪ್ರಾಟೆಸ್ಟಂಟರ ದಕ್ಷಿಣ ಭಾರತ ಸಭೆ), ಯಾವ ಸಭೆಯಾದರೂ ಲೆಕ್ಕ ಒಂದೇ.

1. ನಿಮ್ಮ ಹತ್ತಿರ ಏನಿದೆ ಅಂತ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ಚರ್ಚಿನ ಆವರಣ ಸುತ್ತಿ. ಹಾಲ್, ಅಡುಗೆಮನೆ, ಶೌಚಾಲಯ, ಬಾವಿ, ಪಾರ್ಕಿಂಗ್ ಜಾಗ ಎಲ್ಲ ಬರೆಯಿರಿ. ಯಾವ ದಿನ, ಎಷ್ಟು ಹೊತ್ತು ಖಾಲಿ ಇರುತ್ತದೆ ಅನ್ನೋದನ್ನೂ ಬರೆಯಿರಿ.

ಮಾಡನ್ನು, ಅಂದರೆ ಛಾವಣಿಯನ್ನು, ಮರೆಯಬೇಡಿ. ಊರಿನ ದೊಡ್ಡ ಮಾಡುಗಳಲ್ಲಿ ಚರ್ಚಿನದೂ ಒಂದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 300 ಚದರ ಮೀಟರ್ ಮಾಡು ಇದ್ದರೆ, 50 ಮಿ.ಮೀ. ಮಳೆ ಸುರಿದ ದಿನ, ಸೋರಿಹೋಗಿದ್ದು ಕಳೆದರೂ 12 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಅಂಥ ದಿನ ಜುಲೈನಲ್ಲಿ ಎಷ್ಟು ಬರುತ್ತವೆ ಅಂತ ನಿಮಗೇ ಗೊತ್ತು. ಇಷ್ಟು ಮಳೆ ಬಿದ್ದೂ ಏಪ್ರಿಲ್‌ಗೆ ಬಾವಿ ತಳ ಕಾಣುತ್ತದೆ, ಅದೇ ಮಲೆನಾಡಿನ ವಿಚಿತ್ರ. ಮಾಡಿನ ನೀರನ್ನು ಜಲ್ಲಿ, ಮರಳಿನ ಸೋಸುಗುಂಡಿ ಹಾಯಿಸಿ ಬಾವಿ ಪಕ್ಕ ಇಂಗಿಸಿದರೆ ಅಕ್ಕಪಕ್ಕದ ಮನೆಗಳ ಬಾವಿಗೂ ಉಪಕಾರ ಆಗುತ್ತದೆ. ಮೊದಲ ಒಂದೆರಡು ಮಳೆಯ ಕೊಳೆ ನೀರನ್ನು ಮಾತ್ರ ಹೊರಗೆ ಬಿಡಬೇಕು. ಇದಕ್ಕೆ ಪಂಚಾಯ್ತಿ ಎಂಜಿನಿಯರ್‌ರನ್ನು ಒಮ್ಮೆ ಕರೆದು ಜಾಗ ತೋರಿಸಿ. ನಿಮ್ಮ ಮೊದಲ ಪಾಲುದಾರಿಕೆ ಇಷ್ಟೇ ಆದರೂ ಸಾಕು.

ಆಮೇಲೆ ಜನ. ಗಲ್ಫಿನಿಂದ ವಾಪಸ್ ಬಂದ ನರ್ಸ್, ನಿವೃತ್ತ ಗಣಿತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು, ಎಲೆಕ್ಟ್ರಿಷಿಯನ್, ಜೀಪ್ ಇರುವವರು. ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲರು ಅಂತ ಅವರನ್ನೇ ಕೇಳಿ ಬರೆಯಿರಿ. ಕೇಳದೆ ಹೆಸರು ಬರೆಯಬೇಡಿ. ಎಲ್ಲ ಸಮಿತಿಯಲ್ಲೂ ಕೇಳದೆ ಹೆಸರು ಹಾಕಿಸಿಕೊಂಡ ಒಬ್ಬ ಬಡಪಾಯಿ ಇದ್ದೇ ಇರುತ್ತಾನೆ, ಅಲ್ವಾ?

ಇನ್ನೊಂದು ಆಸ್ತಿ ನಮ್ಮ ಗಮನಕ್ಕೇ ಬರೋದಿಲ್ಲ. ಪ್ರತಿ ಭಾನುವಾರ ಹತ್ತಾರು ಮೈಲಿ ಸುತ್ತಿನ ಒಂಟಿ ಮನೆಗಳಿಂದ, ಎಸ್ಟೇಟ್ ಕೂಲಿಯವರ ಲೈನ್ ಮನೆಗಳಿಂದ ಜನ ಒಂದೇ ಕಡೆ ಸೇರಿ ಮತ್ತೆ ಅದೇ ಮೂಲೆಗಳಿಗೆ ವಾಪಸ್ ಹೋಗುತ್ತಾರೆ. ಯಾವ ಸರ್ಕಾರಿ ಇಲಾಖೆಗೂ ಇಷ್ಟು ಸಲೀಸಾಗಿ ಆ ಮನೆಗಳನ್ನು ಮುಟ್ಟಲು ಆಗೋದಿಲ್ಲ. ಇದರ ಉಪಯೋಗ ಮುಂದೆ ಹೇಳುತ್ತೇನೆ.

2. ಊರಿನವರ ಮಾತು ಕೇಳಿ, ಆದರೆ ಕೊಯ್ಲಿನ ಹೊತ್ತಲ್ಲಿ ಬೇಡ

ಅಡಿಕೆ ಕೊಯ್ಲು ಶುರುವಾದರೆ ಮಲೆನಾಡಲ್ಲಿ ಯಾರಿಗೂ ಪುರಸೊತ್ತಿಲ್ಲ. ಕೊನೆ ಇಳಿಸೋದು, ಸುಲಿಯೋದು, ಬೇಯಿಸೋದು, ಒಣಗಿಸೋದು. ರಾತ್ರಿ ಹತ್ತಾದರೂ ಸುಲಿಯುವ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ. ಆಗ ಹೋಗಿ ‘ನಿಮ್ಮ ಅಗತ್ಯ ಏನು’ ಅಂತ ಕೇಳಿದರೆ ‘ಎರಡು ಆಳು ಕೊಡಿ’ ಅಂತಾರೆ, ಅದು ನ್ಯಾಯವೇ. ಏಪ್ರಿಲ್, ಮೇ ಒಳ್ಳೆಯ ಸಮಯ. ನಾಟಿ ಮುಗಿದ ಮೇಲೆ ಆಗಸ್ಟ್ ಕೊನೆಯೂ ಆಗುತ್ತದೆ.

ಮೊದಲು ಹೋಗಬೇಕಾದದ್ದು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪಂಚಾಯ್ತಿ ಗ್ರಂಥಾಲಯದವರು, ಹಾಲಿನ ಡೇರಿ ಕಾರ್ಯದರ್ಶಿ, ಪೋಸ್ಟ್‌ಮ್ಯಾನ್ ಹತ್ತಿರ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಅನ್ನೋದು ಇವರಿಗೆ ಗೊತ್ತು. ಅಧ್ಯಕ್ಷರನ್ನೂ ಮಾತಾಡಿಸಿ, ಆದರೆ ಅವರನ್ನು ಮಾತ್ರ ಮಾತಾಡಿಸಿ ಬರಬೇಡಿ. ಹೆಂಗಸರ ಹತ್ತಿರ ಬೇರೆಯಾಗಿ, ಹೆಂಗಸರೇ ಹೋಗಿ ಕೂತು ಮಾತಾಡಬೇಕು.

ಪ್ರಶ್ನೆ ಕೇಳೋದರಲ್ಲೂ ಒಂದು ಜಾಣ್ಮೆ ಬೇಕು. ‘ಊರಿನ ಸಮಸ್ಯೆ ಏನು?’ ಅಂದರೆ ಉತ್ತರ ಸಿದ್ಧವಿರುತ್ತದೆ: ರೋಡು, ಟವರ್, ಕರೆಂಟು. ಮೂರೂ ನಿಜ, ಮೂರೂ ಚರ್ಚಿನ ಕೈಲಿ ಆಗೋದಲ್ಲ. ‘ಕಳೆದ ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗೆ ಜಾಸ್ತಿ ಕಷ್ಟ ಆಯ್ತು? ಆಗ ಯಾರು ಬಂದರು?’ ಅಂತ ಕೇಳಿ ನೋಡಿ. ಡಯಾಲಿಸಿಸ್‌ಗೆ ಪೇಟೆಗೆ ಹೋಗಲು ಬಸ್ ತಪ್ಪಿದ್ದು, ಸಂಕ (ಹಳ್ಳ ದಾಟುವ ಕಾಲುಸೇತುವೆ) ಕೊಚ್ಚಿಹೋಗಿ ಮಕ್ಕಳು ಶಾಲೆ ಬಿಟ್ಟಿದ್ದು, ಬೆಂಗಳೂರಲ್ಲಿರುವ ಮಗನಿಗೆ ಫೋನ್ ಸಿಗದೆ ಅಜ್ಜಿ ಒಬ್ಬಳೇ ಜ್ವರದಲ್ಲಿ ಮಲಗಿದ್ದು, ಇಂಥವು ಹೊರಗೆ ಬರುತ್ತವೆ. ಅದರಲ್ಲಿ ನಿಮ್ಮ ಅಳತೆಗೆ ಸರಿಹೊಂದುವ ಒಂದನ್ನು ಆರಿಸಿ. ಒಂದೇ.

3. ಜೊತೆಗಾರರನ್ನು ಹುಡುಕಿ

ಆ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ? ಅವರೇ ನಿಮ್ಮ ಜೊತೆಗಾರರು.

ಓದಿಗೆ ಸಂಬಂಧಿಸಿದ್ದಾದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಪುಸ್ತಕ ಇದೆ, ಕೆಲವು ಕಡೆ ಕಂಪ್ಯೂಟರೂ ಇದೆ, ಸಂಜೆ ಹೊತ್ತು ಕೂರಿಸಿ ಓದಿಸುವ ಜನ ಇಲ್ಲ. ಹೆಂಗಸರ ದುಡಿಮೆಗಾದರೆ ಮಹಿಳಾ ಸಂಘಗಳೆಲ್ಲ ಸೇರಿದ ಪಂಚಾಯ್ತಿ ಮಟ್ಟದ ಸಂಜೀವಿನಿ ಒಕ್ಕೂಟ. ಕೃಷಿಗಾದರೆ ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ. ಅಡಿಕೆಗೆ ಎಲೆಚುಕ್ಕಿ ರೋಗ ಹೊಕ್ಕ ಮೇಲೆ ವಿಜ್ಞಾನಿಯೊಬ್ಬರು ಊರಿಗೇ ಬಂದು ಮಾತಾಡಿದರೆ ಯಾವ ಜಾತಿ, ಯಾವ ಧರ್ಮ ಅಂತ ನೋಡದೆ ಜನ ಬರುತ್ತಾರೆ. ಕೆಲಸ ಹುಡುಕುವ ಹುಡುಗರಿಗಾದರೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ. ಇದನ್ನು ಬ್ಯಾಂಕುಗಳು ನಡೆಸುತ್ತವೆ, ತರಬೇತಿ ಉಚಿತ. ಭದ್ರಾವತಿಯಂಥ ಊರಲ್ಲಿ ಇದು ತುಂಬ ಬೇಕು. ಕಾಗದ ಕಾರ್ಖಾನೆ ನಿಂತು, 1923ರ ಕಬ್ಬಿಣದ ಕಾರ್ಖಾನೆಯೂ ಕುಂಟುತ್ತಿರುವಾಗ ಅಲ್ಲಿನ ಮನೆಗಳ ಮಕ್ಕಳು ಇನ್ನೆಲ್ಲಿ ಹೋಗಬೇಕು?

ಜಮೀನಿನ ಕಾಗದಪತ್ರದ ವಿಷಯವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆಮಠ ಬಿಟ್ಟು ಬಂದ ಶರಾವತಿ ಮುಳುಗಡೆಯವರ ಎಷ್ಟೋ ಕುಟುಂಬಗಳಿಗೆ ಇಂದಿಗೂ ಹಕ್ಕುಪತ್ರದ ಗೋಳು ತಪ್ಪಿಲ್ಲ. ಹಾಲ್‌ನಲ್ಲಿ ಒಂದು ಕಾನೂನು ನೆರವು ದಿನ ಇಟ್ಟರೆ ವಕೀಲರು ಬರುತ್ತಾರೆ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಸಹಾಯವಾಣಿ 15100. ‘ಚರ್ಚಿನವರು ಹಕ್ಕುಪತ್ರ ಕೊಡಿಸ್ತಾರಂತೆ’ ಅನ್ನೋ ಸುದ್ದಿ ಹಬ್ಬದಂತೆ ಮಾತ್ರ ನೋಡಿಕೊಳ್ಳಿ. ನೀವು ಕೊಡಿಸೋದು ಕುರ್ಚಿ, ನೀರು, ಜೆರಾಕ್ಸ್.

ಶಿವಮೊಗ್ಗ ಕಡೆಯ ಕ್ಯಾಥೋಲಿಕ್ ಚರ್ಚುಗಳಿಗೆ ಒಂದು ಅನುಕೂಲ ಇದೆ. 1988ರಲ್ಲಿ ಶುರುವಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ (ಬಿಷಪ್ಪರ ಆಡಳಿತದ ವ್ಯಾಪ್ತಿ) ತನ್ನದೇ ಸಮಾಜ ಸೇವಾ ಸಂಸ್ಥೆ ಇದೆ. ಇಲಾಖೆಗಳ ಜೊತೆ ಪತ್ರವ್ಯವಹಾರ ಮಾಡಿ ಅಭ್ಯಾಸ ಇರುವವರು ಅಲ್ಲಿದ್ದಾರೆ. ಹೊಸದಾಗಿ ಏನಾದರೂ ಬರೆಯುವ ಮುಂಚೆ ಅವರನ್ನು ಕೇಳಿ.

4. ಹತ್ತಿರದಿಂದ ಒಂದು ಉದಾಹರಣೆ: ಮಂಗನ ಕಾಯಿಲೆಯ ಕಾಲ

ಪಾಲುದಾರಿಕೆ ಹೇಗಿರಬೇಕು ಅಂತ ತೋರಿಸಲು ಇದಕ್ಕಿಂತ ಸರಿಯಾದ ವಿಷಯ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಲ್ಲ. ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ಇಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳಾಗಿ ಊರಿಗೆ ಊರೇ ಹೆದರಿ ಕೂತಿತ್ತು.

ವೈರಸ್ ಹರಡೋದು ಉಣುಗಿನಿಂದ. ಮನುಷ್ಯರಿಂದ ಮನುಷ್ಯರಿಗೆ ಬರೋದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಕಾಟ ಜಾಸ್ತಿ. ಸೌದೆಗೆ, ದರಗಿಗೆ (ಒಣಗಿ ಉದುರಿದ ಎಲೆಗೆ), ಸೊಪ್ಪಿಗೆ ಕಾಡಿಗೆ ಹೋಗುವವರಿಗೆ ಅಪಾಯ. ಕೊಟ್ಟಿಗೆಗೆ ದರಗು ಹಾಸುವಾಗ ಅದರ ಜೊತೆ ಉಣುಗೂ ಮನೆಗೆ ಬರುತ್ತದೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಲು ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಆರೋಗ್ಯ ಇಲಾಖೆ ಉಚಿತವಾಗಿ ಕೊಡುತ್ತದೆ. ಎಣ್ಣೆ ಇರೋದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಬೇಕಾದವರು ಇರೋದು ಗುಡ್ಡದ ಆಚೆ.

ಈಗ ಭಾನುವಾರದ ವಿಷಯಕ್ಕೆ ಬರೋಣ. ನವೆಂಬರ್‌ನಲ್ಲೇ ವೈದ್ಯಾಧಿಕಾರಿಯನ್ನು ಭೇಟಿ ಮಾಡಿ. ಹೊಸ ಯೋಜನೆಯ ಮಾತು ಎತ್ತಬೇಡಿ. ‘ನಿಮ್ಮ ಎಣ್ಣೆ ಬಾಟಲಿ ಹಂಚಲು ನಮ್ಮ ಜನ ಕೈ ಜೋಡಿಸಬಹುದಾ?’ ಅಂತ ಕೇಳಿ. ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡು ಒಂಟಿ ಮನೆಗಳ ಪಟ್ಟಿ ಮಾಡಿ. ಪಟ್ಟಿಯಲ್ಲಿ ಎಲ್ಲ ಮನೆಗಳೂ ಇರಬೇಕು, ಕ್ರೈಸ್ತರ ಮನೆ ಮಾತ್ರ ಅಲ್ಲ. ಪೂಜೆ ಮುಗಿದ ಮೇಲೆ ಆರೋಗ್ಯ ಇಲಾಖೆಯವರೇ ಚರ್ಚಿನ ಹೊರಗಿನ ಜಗಲಿಯಲ್ಲಿ ಹತ್ತು ನಿಮಿಷ ಮಾತಾಡಲಿ. ಆಮೇಲೆ ಆ ಆ ದಿಕ್ಕಿಗೆ ಹೋಗುವವರು ತಮ್ಮ ಮನೆಗೊಂದು, ನೆರೆಯ ಮೂರು ಮನೆಗಳಿಗೆ ಮೂರು ಬಾಟಲಿ ತಗೊಂಡು ಹೋಗಲಿ. ಬಾಟಲಿ ಮೇಲೆ ಮಾರ್ಕರ್ ಪೆನ್ನಿನಲ್ಲಿ ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಬರೆದಿರಲಿ. ಚರ್ಚಿನ ಹೆಸರು ಬೇಡ. ನಂಬರ್ ಇದ್ದರೆ ಜ್ವರ ಬಂದ ರಾತ್ರಿ ಉಪಯೋಗಕ್ಕೆ ಬರುತ್ತದೆ.

ಮುಂದಿನ ಭಾನುವಾರ ಅವರು ಮೂರು ಸುದ್ದಿ ತರಬೇಕು. ಯಾರಿಗಾದರೂ ದಿಢೀರ್ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದಿದೆಯಾ? ಮಂಗ ಅಥವಾ ಮುಸುವ ಸತ್ತಿದ್ದು ಕಂಡಿದೆಯಾ? ಎಣ್ಣೆ ಖಾಲಿ ಆಯ್ತಾ? ಜ್ವರದ ಸುದ್ದಿಗೆ ಮಾತ್ರ ಭಾನುವಾರದವರೆಗೆ ಕಾಯಬಾರದು, ಅವತ್ತೇ ಆಶಾಗೆ ಫೋನ್ ಹೋಗಬೇಕು. ಸತ್ತ ಮಂಗನ ಹತ್ತಿರ ಯಾರೂ ಹೋಗಬಾರದು, ಮುಟ್ಟಬಾರದು. ಜಾಗದ ಗುರುತು ಹೇಳಿದರೆ ಸಾಕು. ‘ಮೇಲಿನ ಕೇರಿ ಸಂಕ ದಾಟಿ ಬಲಗಡೆ ಹಲಸಿನ ಮರದ ಬುಡ’ ಅಂದರೆ ಇಲಾಖೆಯವರು ಹುಡುಕಿಕೊಳ್ಳುತ್ತಾರೆ. ನಮ್ಮವರು ಡಾಕ್ಟರಿಕೆ ಮಾಡಬಾರದು. ನಿವೃತ್ತ ನರ್ಸ್ ಇದ್ದರೂ ಸರಿಯೇ, ಮಾತ್ರೆ ಕೊಡೋದು ಬೇಡ.

ಈ ಕಾಯಿಲೆಯ ಕಾಲವೂ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ತಪಸ್ಸುಕಾಲದಲ್ಲಿ ಏನು ತ್ಯಾಗ ಮಾಡಲಿ ಅಂತ ಕೇಳುವ ಯುವಕರಿಗೆ ನಾನಾದರೆ ಈ ಬಾಟಲಿಯ ಚೀಲ ಕೊಡುತ್ತೇನೆ. ಗುಡ್ಡ ಹತ್ತಿ ಬರಲಿ.

5. ಇನ್ನು ಕೆಲವು ದಾರಿಗಳು

ಮಳೆಗಾಲಕ್ಕೆ ಮುಂಚೆ, ಅಂದರೆ ಮೇ ಮುಗಿಯುವುದರೊಳಗೆ, ತಹಸೀಲ್ದಾರ್ ಕಚೇರಿಗೆ ಒಂದು ಪತ್ರ ಕೊಡಿ: ‘ನೆರೆ ಬಂದಾಗ ಜನರನ್ನು ಇರಿಸುವ ಕಾಳಜಿ ಕೇಂದ್ರಕ್ಕೆ ನಮ್ಮ ಹಾಲ್ ಸಿಗುತ್ತದೆ. ಇಷ್ಟು ಜನ ಮಲಗಬಹುದು, ಇಷ್ಟು ಶೌಚಾಲಯ ಇದೆ, ಬೀಗದ ಕೈ ಇಂಥವರ ಹತ್ತಿರ ಇರುತ್ತದೆ.’ 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದಾಗ ಎಲ್ಲರೂ ಜಾಗಕ್ಕಾಗಿ ಓಡಾಡಿದ್ದರು. ನೀರು ಬಂದ ಮೇಲೆ ಬೀಗದ ಕೈ ಹುಡುಕಬಾರದು. ಪಕ್ಕದ ಮಸೀದಿ, ದೇವಸ್ಥಾನದ ಸಮಿತಿಯವರ ಜೊತೆ ಮೊದಲೇ ಕೂತು ಯಾರು ಅಡುಗೆ, ಯಾರು ಹೊದಿಕೆ, ಯಾರು ಗಾಡಿ ಅಂತ ಹಂಚಿಕೊಂಡರೆ ಐದು ಕಡೆಯಿಂದ ಚಿತ್ರಾನ್ನ ಬಂದು ಒಂದು ಕಡೆಯಿಂದಲೂ ಸ್ಯಾನಿಟರಿ ಪ್ಯಾಡ್ ಬರದ ಪರಿಸ್ಥಿತಿ ತಪ್ಪುತ್ತದೆ.

ಜಾತ್ರೆಗಳು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ಊರು ಹಿಡಿಸೋದಿಲ್ಲ. ಹಳ್ಳಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಂಗಸರಿಗೆ ಬೇಕಾಗೋದು ಒಂದು ಸ್ವಚ್ಛ ಶೌಚಾಲಯ, ಮಗುವಿಗೆ ಹಾಲೂಡಿಸಲು ಮರೆ, ಕುಡಿಯುವ ನೀರು. ಜಾತ್ರೆ ನಡೆಯುವ ಯಾವ ಊರಲ್ಲಾದರೂ ಚರ್ಚ್ ಆವರಣ ಹತ್ತಿರ ಇದ್ದರೆ ಜಾತ್ರಾ ಸಮಿತಿ, ನಗರಸಭೆ ಜೊತೆ ಮಾತಾಡಿ ಗೇಟು ತೆರೆದಿಡಿ. ಬಾಣದ ಗುರುತಿನ ಬೋರ್ಡ್ ಸಮಿತಿಯವರೇ ಹಾಕಲಿ. ಇದಕ್ಕೆ ಖರ್ಚು ತೀರಾ ಕಡಿಮೆ, ಫಿನಾಯಿಲ್ ಮತ್ತು ಇಬ್ಬರು ಶುಚಿ ಮಾಡುವವರ ಕೂಲಿ.

ವಯಸ್ಸಾದವರದು ಮಲೆನಾಡಿನ ದೊಡ್ಡ ವಿಷಯ. ತೋಟದ ಮಧ್ಯೆ ದೊಡ್ಡ ಹೆಂಚಿನ ಮನೆ, ಒಳಗೆ ಇಬ್ಬರೇ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಇಲ್ಲಿ ಪೋಸ್ಟ್‌ಮ್ಯಾನ್ ಒಳ್ಳೆಯ ಜೊತೆಗಾರ. ಪಿಂಚಣಿದಾರರು ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಅವರು ಮನೆ ಬಾಗಿಲಲ್ಲೇ ಮಾಡಿಕೊಡಬಲ್ಲರು. ಎಷ್ಟೋ ಹಿರಿಯರಿಗೆ ಇದು ಗೊತ್ತಿಲ್ಲ, ಜೀಪ್ ಬಾಡಿಗೆ ಕೊಟ್ಟು ಬ್ಯಾಂಕಿಗೆ ಹೋಗುತ್ತಾರೆ. ವಾರಕ್ಕೊಮ್ಮೆ ಯಾರಾದರೂ ಹೋಗಿ ಮಾತಾಡಿಸಿ ಬರುವ ಪಟ್ಟಿ ಮಾಡಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅವರ ಫೋನ್ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.

ಎಸ್ಸೆಸ್ಸೆಲ್ಸಿ ಓದಿನ ಹಾಲ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಜನವರಿಯಿಂದ ಪರೀಕ್ಷೆಯವರೆಗೆ ಸಂಜೆ ಎರಡು ಗಂಟೆ, ಇನ್ವರ್ಟರ್, ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು ಮಾಡಿದ ಟೈಮ್‌ಟೇಬಲ್. ಹೆಣ್ಣುಮಕ್ಕಳು ಕತ್ತಲಾದ ಮೇಲೆ ಮನೆಗೆ ಹೇಗೆ ಹೋಗುತ್ತಾರೆ ಅನ್ನೋದನ್ನು ಮೊದಲು ಬಗೆಹರಿಸಿ, ಆಮೇಲೆ ಬಾಕಿ.

ರಕ್ತದಾನ ಶಿಬಿರವನ್ನು ಎಲ್ಲರೂ ಹಬ್ಬದ ದಿನ ಇಡುತ್ತಾರೆ. ಮಳೆ ಶುರುವಾಗಿ ಡೆಂಗ್ಯೂ ಏರುವ ಹೊತ್ತಿಗೆ ಇಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಬೇಡಿಕೆ ಆಗ ಇರುತ್ತದೆ. 18ರಿಂದ 65 ವರ್ಷ, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಉಳಿದಿದ್ದು ರಕ್ತ ಕೇಂದ್ರದವರು ನೋಡಿಕೊಳ್ಳುತ್ತಾರೆ.

ಕಲೆಯ ಕಡೆಯಿಂದಲೂ ಬಾಗಿಲು ತೆರೆಯಬಹುದು. 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಇರುವ, ಸಾಗರ ಹತ್ತಿರದ ಹೆಗ್ಗೋಡಿನ ಸುತ್ತಮುತ್ತ ನಾಟಕ ಕಲಿತವರು ಪ್ರತಿ ಊರಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಬೇಸಿಗೆ ರಜೆಯಲ್ಲಿ ಊರಿನ ಎಲ್ಲ ಮಕ್ಕಳಿಗೆ ಒಂದು ರಂಗ ಶಿಬಿರ ನಡೆಸಲು ಅವರಿಗೆ ಹಾಲ್ ಕೊಡಿ. ನಾಟಕ ಯಾವುದು ಅಂತ ಅವರೇ ತೀರ್ಮಾನಿಸಲಿ. ‘ಒಂದು ಬೈಬಲ್ ಕಥೆ ಮಾಡಿ’ ಅನ್ನೋ ಆಸೆ ಬರುತ್ತದೆ, ತಡೆದುಕೊಳ್ಳಿ. ಹಾಗೇ ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗ, ನೈಸರ್ಗಿಕ ಬಣ್ಣದ ಕೆಲಸ ಮಾಡುತ್ತಾ ಬಂದಿದೆ. ನಿಮ್ಮ ಊರಿನ ಮಹಿಳಾ ಸಂಘದವರನ್ನು ಅಲ್ಲಿಗೆ ಒಂದು ದಿನ ಕರೆದುಕೊಂಡು ಹೋಗೋದು ಸಾವಿರ ಉಪನ್ಯಾಸಕ್ಕಿಂತ ಮೇಲು. ಚರ್ಚ್ ಕೊಡಬೇಕಾದದ್ದು ಬಸ್ ಚಾರ್ಜು.

6. ‘ಇದೆಲ್ಲ ಮತಾಂತರಕ್ಕಾ?’

ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಎದುರಿಗೆ ಕೇಳುತ್ತಾರೆ, ಜಾಸ್ತಿ ಜನ ಹಿಂದಿನಿಂದ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. 2022ರಲ್ಲಿ ರಾಜ್ಯ ತಂದ ಮತಾಂತರ ತಡೆ ಕಾಯ್ದೆ ‘ಆಮಿಷ’ದ ಪಟ್ಟಿಯಲ್ಲಿ ಉಡುಗೊರೆ, ಹಣ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಸೇರಿಸಿತ್ತು. 2023ರಲ್ಲಿ ಅದನ್ನು ಹಿಂಪಡೆಯುವ ತೀರ್ಮಾನವನ್ನು ಸಂಪುಟ ಮಾಡಿತು. ಕಾಯ್ದೆ ಏನೇ ಇರಲಿ, ನೆರೆಯವರ ಮನಸ್ಸಿನಲ್ಲಿರುವ ಅನುಮಾನ ಕಳೆಯಬೇಕಾದವರು ನಾವು. ಬಾಯಿಮಾತಿನಿಂದ ಅದು ಹೋಗೋದಿಲ್ಲ.

ಜಂಟಿ ಕಾರ್ಯಕ್ರಮದಲ್ಲಿ ಪ್ರಾರ್ಥನೆ ಇಡಬೇಡಿ. ಕರಪತ್ರ, ಕ್ಯಾಲೆಂಡರ್, ಜಪಮಾಲೆ ಯಾವುದೂ ಹಂಚಬೇಡಿ. ನೋಂದಣಿ ಪುಸ್ತಕದಲ್ಲಿ ಧರ್ಮದ ಕಾಲಂ ಇರಬಾರದು. ಮೊದಲ ಸಭೆಯನ್ನು ಚರ್ಚಿನಲ್ಲಿ ಕರೆಯದೆ ಪಂಚಾಯ್ತಿ ಕಟ್ಟೆಯಲ್ಲೋ ಶಾಲೆಯಲ್ಲೋ ಕರೆಯಿರಿ. ಫಲಾನುಭವಿಗಳನ್ನು ಆರಿಸುವ ಕೆಲಸ ಜೊತೆಗಾರ ಸಂಸ್ಥೆಯ ಕೈಲಿರಲಿ, ನಿಮ್ಮ ಕೈಲಿ ಬೇಡ. ಊಟ ಇದ್ದರೆ ಸಸ್ಯಾಹಾರ ಮಾಡಿಬಿಡಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬಹುದು.

ಇದರಿಂದ ನಮ್ಮ ನಂಬಿಕೆಯನ್ನು ಮುಚ್ಚಿಟ್ಟಂತೆ ಆಗುತ್ತದೆ ಅಂತ ಹೇಳುವವರೂ ಇದ್ದಾರೆ. ನನಗೆ ಹಾಗೆ ಅನಿಸೋದಿಲ್ಲ. ಹಾಲ್ ಮೇಲೆ ಶಿಲುಬೆ ಇದ್ದೇ ಇದೆ, ಅದನ್ನು ಯಾರೂ ತೆಗೆಯುತ್ತಿಲ್ಲ. ಇನ್ನು ಹಬ್ಬಗಳಲ್ಲಿ ಸಹಜವಾಗಿ ಸೇರುವ ದಾರಿ ನಮ್ಮ ಹಿರಿಯರೇ ಹಾಕಿಕೊಟ್ಟಿದ್ದಾರೆ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಹೊಸ ಭತ್ತ ತರುವ ಕೊಂಕಣಿ ಕ್ರೈಸ್ತರಿಗೂ, ಭೂಮಿ ಹುಣ್ಣಿಮೆಗೆ ಗದ್ದೆಗೆ ಹೋಗಿ ಎಡೆ ಇಡುವ ನೆರೆಯವರಿಗೂ ಪೈರಿನ ಮೇಲಿರುವ ಪ್ರೀತಿ ಒಂದೇ ಬಗೆಯದು.

7. ಒಂದು ಹಾಳೆ, ಒಂದು ಲೆಕ್ಕದ ಪುಸ್ತಕ

ದೊಡ್ಡ ಒಪ್ಪಂದ ಬೇಡ. ಕನ್ನಡದಲ್ಲಿ ಒಂದೇ ಹಾಳೆ ಸಾಕು. ಕೆಲಸ ಏನು, ಯಾರು ಮುಂದಾಳು, ಚರ್ಚ್ ಏನು ಕೊಡುತ್ತದೆ, ಯಾವತ್ತಿನಿಂದ ಯಾವತ್ತಿನವರೆಗೆ, ಕರೆಂಟ್ ಬಿಲ್ ಯಾರದು, ಏನಾದರೂ ಮುರಿದರೆ ಯಾರು ರಿಪೇರಿ ಮಾಡಿಸೋದು, ಬೇಡ ಅನಿಸಿದರೆ ಎಷ್ಟು ದಿನ ಮುಂಚೆ ಹೇಳಬೇಕು. ಎರಡೂ ಕಡೆಯವರ ಸಹಿ. ಫಾದರ್ ಅಥವಾ ಸಭಾಪಾಲಕರ ಜೊತೆ ಸಮಿತಿಯ ಇನ್ನೊಬ್ಬರೂ ಸಹಿ ಹಾಕಲಿ. ವರ್ಗಾವಣೆ ಆದರೂ ಕೆಲಸ ನಿಲ್ಲಬಾರದು.

ದುಡ್ಡಿನಲ್ಲಿ ಒಂದು ಎಚ್ಚರಿಕೆ. ನಿಮ್ಮ ಸಂಸ್ಥೆಗೆ ವಿದೇಶಿ ದೇಣಿಗೆ ಬರುತ್ತಿದ್ದರೆ ಆ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಇದನ್ನು ಪೂರ್ತಿ ನಿಲ್ಲಿಸಿದೆ. ಜಂಟಿ ಕೆಲಸವನ್ನು ಸ್ಥಳೀಯ ಹಣದಲ್ಲೇ ನಡೆಸಿ, ಲೆಕ್ಕ ಬೇರೆ ಇಡಿ, ಮೂರು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಿ. ಊರಿನವರೂ ಬಂದು ಓದಲಿ.

ಮಕ್ಕಳು ಬರುವ ಕೆಲಸವಾದರೆ ನಿಯಮ ಕಟ್ಟುನಿಟ್ಟಾಗಿರಬೇಕು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರಬಾರದು, ಫಾದರ್ ಆಗಲಿ, ಸಿಸ್ಟರ್ ಆಗಲಿ, ನಾಟಕದ ಮೇಷ್ಟ್ರೇ ಆಗಲಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಇರೋದೇ ಅಪರಾಧ. ‘ನಾವು ನಾವೇ ಬಗೆಹರಿಸಿಕೊಳ್ಳೋಣ’ ಅನ್ನೋ ಮಾತಿಗೆ ಇಲ್ಲಿ ಜಾಗ ಇಲ್ಲ. ಮಕ್ಕಳ ಸಹಾಯವಾಣಿ 1098 ಹಾಲ್‌ನ ಬಾಗಿಲ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದಿರಲಿ.

8. ನಡೆಸುವುದು, ಬಿಟ್ಟುಕೊಡುವುದು

ಬ್ಯಾನರ್ ವಿಷಯದಲ್ಲಿ ಜಗಳಗಳೇ ಆಗುತ್ತವೆ. ಯಾರ ಹೆಸರು ಮೇಲೆ, ಯಾರ ಫೋಟೋ ದೊಡ್ಡದು. ಸುಲಭದ ದಾರಿ: ಜೊತೆಗಾರರ ಹೆಸರು ಹಾಕಿ, ಚರ್ಚಿನದು ‘ಸ್ಥಳ’ ಅನ್ನೋ ಸಾಲಿನಲ್ಲಿ ಬರಲಿ. ಸಹಾಯ ಪಡೆದವರ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕೋದನ್ನು ಮೊದಲ ದಿನವೇ ನಿಲ್ಲಿಸಿ. ಅಕ್ಕಿ ಚೀಲ ಹಿಡಿದು ನಿಂತ ಫೋಟೋ ನೋಡಿದ ಮಗ ಇನ್ನೊಂದು ಸಲ ತಾಯಿಯನ್ನು ಕಳಿಸೋದಿಲ್ಲ.

ಆರು ತಿಂಗಳಿಗೊಮ್ಮೆ ಜೊತೆಗಾರರ ಜೊತೆ ಕೂತು ಮೂರು ವಿಷಯ ಕೇಳಿ: ಬರುವವರು ಕಡಿಮೆ ಆದರಾ, ಯಾರು ಬರುತ್ತಲೇ ಇಲ್ಲ, ನಾವು ಎಲ್ಲಿ ಅಡ್ಡ ಬಂದೆವು. ಮೂರನೆಯದಕ್ಕೆ ಎದುರಿಗೆ ಉತ್ತರ ಸಿಗೋದು ಕಷ್ಟ, ಮಲೆನಾಡಿನವರ ಸಂಕೋಚ ನಿಮಗೆ ಗೊತ್ತಲ್ಲ. ಕಾಫಿ ಆದ ಮೇಲೆ, ಗೇಟಿನ ಹತ್ತಿರ ನಿಂತಾಗ ಹೇಳುತ್ತಾರೆ. ಅದನ್ನು ಬರೆದುಕೊಳ್ಳಿ.

ಪಂಚಾಯ್ತಿಗೆ ಸ್ವಂತ ಕಟ್ಟಡ ಆಗಿ ಗ್ರಂಥಾಲಯ ಅಲ್ಲಿಗೆ ಹೋದರೆ, ಮಹಿಳಾ ಸಂಘ ಬೇರೆ ಶೆಡ್ ಬಾಡಿಗೆಗೆ ಹಿಡಿದರೆ ಕಳಿಸಿಕೊಡಿ. ಬೇಕಾದರೆ ಕುರ್ಚಿಯನ್ನೂ ಕೊಟ್ಟು ಕಳಿಸಿ. ಖಾಲಿಯಾದ ಆ ಎರಡು ಗಂಟೆಯನ್ನು ನೋಟ್‌ಬುಕ್ಕಿನಲ್ಲಿ ಮತ್ತೆ ಗುರುತು ಹಾಕಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಈ ವರ್ಷದ ಎಣ್ಣೆ ಬಾಟಲಿ ಯಾವಾಗ ಬರುತ್ತದೆ ಅಂತ ಕೇಳಿ.